ಮೀನುಪೇಟೆಯಲ್ಲಿ ನೀರು ಕುಡಿಯದವಳು

ಹೊನ್ನಾವರದ ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ಪಾಂಡುವಿನ ಪಕ್ಕದಲ್ಲಿ ಕಾಸರಕೋಡಿನ ಮೀನು ಮಾರುವ ಗಣಪಿ, ಸೊಸೆ ಕವಿತಾಳೊಡನೆ ಕೂತಿದ್ದಳು. ಮುದುಕಿಯ ಹಣೆಗೆ ಪಟ್ಟಿ ಕಟ್ಟಿತ್ತು.

"ಹಾರ್ಟಿನ ಮಾತ್ರೆ ತಕಂಡು ನೀರೇ ಕುಡೀಲಿಲ್ವಾ ಅತ್ತೆ?"

"ಆ ಮಾತ್ರೆ ಮೊದಲೇ ಉಚ್ಚೆ ಹೊಯ್ಸೂದು. ಮೇಲಿಂದ ನೀರೂ ಕುಡಿದ್ರೆ ಪೇಟೆಲಿ ಎಲ್ಲಿ ಕೂರೂದೇ, ನಿನ್ನ ಗಂಡನ ತಲೆ ಮೇಲಾ?"

"ಅದ್ಕೇ ಮತ್ತೆ ತಲೆ ತಿರುಗಿ ಬಿದ್ದದ್ದು."

"ಬುಟ್ಟಿ ಮೇಲೇ ಬಿದ್ದೆ. ಬಂಗಡೆಗೆ ಎಂತ ಆಗ್ಲಿಲ್ಲ."

"ಇದನ್ನ ಡಾಕ್ಟರಿಗೆ ಹೇಳಿ."

"ಎಂತ ಹೇಳೂದು? ಪೇಟೆಲಿ ಹೆಂಗಸರಿಗೆ ಪಾಯಖಾನೆ ಇಲ್ಲ ಅಂತವಾ? ಅವ್ರು ಕಟ್ಟಸ್ತ್ರಾ?"

"ನೀವು ಹೇಳ್ದಿದ್ರೆ ನಾನೇ ಹೇಳ್ತೆ."

"ಹೇಳು. ವ್ಯಾಪಾರಕ್ಕೇ ಹೋಗ್ಬೇಡ ಅಂತ್ರು. ಕಾಲು ಮುರಕಂಡು ಮಲಗಿದ ನಿನ್ನ ಗಂಡ ದೋಣಿ ಹತ್ತೂವರೆಗೆ ಒಲೆ ಹಚ್ಚೂದು ಯಾರು?"



ನರ್ಸು ಗಣಪಿಯ ಹೆಸರು ಕೂಗಿದಳು. ಇಬ್ಬರೂ ಎದ್ದು ಒಳಗೆ ಹೋದರು. ಅರೆತೆರೆದ ಬಾಗಿಲಿನಿಂದ ಡಾಕ್ಟರ ದನಿ ಪಾಂಡುವಿಗೆ ಕೇಳಿಸಿತು.

"ಬಿಸಿಲಲ್ಲಿ ಕೂರ್ತೀರಿ. ನೀರು ಸರಿಯಾಗಿ ಕುಡೀತೀರಲ್ಲ?"

"ಕುಡೀತೆ ಡಾಕ್ಟ್ರೇ, ಚೊಂಬುಗಟ್ಟಲೆ."

ಪಾಂಡು ಸೊಸೆಯ ಮಾತಿಗಾಗಿ ಕಿವಿಗೊಟ್ಟ. ಅವಳು ಏನೂ ಹೇಳಲಿಲ್ಲ. ನರ್ಸು ಬಾಗಿಲು ಎಳೆದುಕೊಂಡಳು.