ಒಂದೇ ಬೆಂಚಿನಲ್ಲಿ ಇಬ್ಬರು

ಮಕ್ಕಳ ಡಾಕ್ಟರ ಬಾಗಿಲ ಮುಂದೆ, ನನ್ನ ಪಕ್ಕದಲ್ಲೇ ಗಂಡ ಹೆಂಡತಿ ಕೂತಿದ್ದರು. ಜ್ವರದ ಮಗು ಅವಳ ಹೆಗಲ ಮೇಲೆ, ಲ್ಯಾಪ್‌ಟಾಪ್ ಅವನ ತೊಡೆಯ ಮೇಲೆ.

"ಇನ್ನೂ ಸರಿ ಹೋಗಿಲ್ವಾ?" ಲ್ಯಾಪ್‌ಟಾಪ್ ಕಡೆ ಬಗ್ಗಿ ಅವಳು ಕೇಳಿದಳು.

"ಸಾಫ್ಟ್‌ವೇರಿನ ಹೊಸ ವರ್ಶನ್ ಎರಡು ಸರ್ವರ್‌ನಲ್ಲಿ ಎದ್ದು ಕೂತಿದೆ. ಮೂರನೇದ್ರಲ್ಲಿ ಅದನ್ನ ಓಡಿಸೋ ಕಂಟೇನರು ಏಳೋದು, ಬೀಳೋದು. ಬೆಳಗಿಂದ ಇದೇ ಆಯ್ತು."

"ಹಳೇದನ್ನೇ ವಾಪಸ್ ಹಾಕ್ಬಿಡು."

"ಹಾಕ್ತಾನೇ ಇದೀನಿ. ಇಲ್ಲಿ ನೆಟ್ ತೆವಳ್ತಿದೆ."

"ಬದಲಿ ಡ್ಯೂಟಿ ಯಾರ್ದಿದೆಯೋ ಅವ್ರಿಗೆ ಹೇಳು, ಆಫೀಸಲ್ಲಿ ಕೂತು ಮಾಡ್ಲಿ."

ಅವನು ಅವಳ ಮುಖವನ್ನೇ ನೋಡಿದ. "ಈ ವಾರ ಡ್ಯೂಟಿ ನಂದು, ಬದಲಿ ನೀನೇ ಕಣೆ."

"ಅಯ್ಯೋ, ಹೌದಲ್ಲ. ತಲೇನೇ ಓಡ್ತಿಲ್ಲ."

"ಒಂದು ಕೈಕೊಟ್ರೆ ಇನ್ನೊಂದು ಇರ್ಲಿ ಅಂತ ಸರ್ವರ್‌ಗಳನ್ನ ಮೂರು ಊರಲ್ಲಿ ಇಟ್ವಿ."

"ನಮ್ಮಿಬ್ರನ್ನ ಒಂದೇ ಮನೇಲಿ ಇಟ್ಕೊಂಡ್ವಿ." ನಗಲು ಹೋದವಳು ಆಕಳಿಸಿದಳು.

ನರ್ಸ್ ಅವರ ಸರದಿ ಕೂಗಿದಳು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡು ಸುಮ್ಮನಾಯಿತು. ಕೂಡಲೇ ಅವಳದು ಶುರುವಾಯಿತು.

"ಸರ್ವರ್ ಅಲಾರಮ್ಮಿನ ಫೋನೇ. ಬಿಡು, ಎತ್ತದಿದ್ರೆ ಮುಂದಿನವ್ರಿಗೆ ಹೋಗತ್ತೆ."

"ನಾನಾದ್ಮೇಲೆ ಮತ್ತೆ ನೀನೇ ಕಣೋ."

ಮಗುವಿನ ಜೊತೆ ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಅವನ ಫೋನು ಮತ್ತೆ ಕೇಳಿಸಿತು.