ಹಿಂದಿನ ಮೆಟ್ಟಿಲಿಗೆ ಕಂಬಿ ಇಲ್ಲ

ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಕಾವೇರಮ್ಮನವರ ಮಗಳು ವರಲಕ್ಷ್ಮಿಯಕ್ಕನಿಗೆ, ಕೋಡಿಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದಿರುವ ಕಾವೇರಮ್ಮನವರ ತಮ್ಮ ಹೊನ್ನಯ್ಯನವರಿಗೆ, ಆ ಮನೆಯವರೆಲ್ಲರಿಗೂ ಕೈಮುಗಿಯುತ್ತೇನೆ. ವೇದಿಕೆಯ ಮೇಲಿರುವ ನಮ್ಮ ಭವನದ ಸಮಿತಿ ಅಧ್ಯಕ್ಷರಾದ ಅನಂತರಾಜು ಅವರಿಗೂ ನಮಸ್ಕಾರ.

ನನ್ನ ಹೆಸರು ಪ್ರತಿಮಾ. ಈ ಸಮುದಾಯ ಭವನದಲ್ಲಿ ಬೆಳಿಗ್ಗೆ ರಹೀಮಾ ಆಪಾ ಹೊಲಿಗೆ ಕಲಿಸುತ್ತಾರೆ. ಮಧ್ಯಾಹ್ನ ಪುಟ್ಟ ಮಕ್ಕಳನ್ನು ಕಾವೇರಮ್ಮ ನೋಡಿಕೊಳ್ಳುತ್ತಿದ್ದರು, ಅವರ ಜೊತೆಗೆ ನಾನಿರುತ್ತಿದ್ದೆ. ಸಂಜೆ ಹತ್ತನೇ ತರಗತಿಯ ಹುಡುಗಿಯರಿಗೆ ನಾನು ಗಣಿತ ಹೇಳಿಕೊಡುತ್ತೇನೆ. ಈಗ ನನ್ನ ಸೊಂಟದ ಮೇಲೆ ಕುಳಿತು ಮೈಕು ಎಳೆಯುತ್ತಿರುವವಳು ನನ್ನ ಮಗಳು ಸಿರಿ. ಇವಳನ್ನು ಹಿಡಿದುಕೊಳ್ಳುತ್ತೇವೆ ಅಂತ ಆಗಲೇ ಇಬ್ಬರು ಕೈಚಾಚಿದರು. ಕ್ಷಮಿಸಿ, ಕೊಡಲಿಲ್ಲ. ಇವಳನ್ನು ನಾನು ಹೆದರದೆ ಕೊಡುತ್ತಿದ್ದ ಕೈ ಒಂದೇ ಇತ್ತು.

ಸರಿಯಾಗಿ ನಿದ್ದೆ ಮಾಡಿ ಬಹಳ ದಿನವಾಯಿತು. ಮಾತು ಅತ್ತಿತ್ತ ಹೋದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನಗಿಂತ ಮೊದಲು ಮಾತಾಡಿದ ಹಿರಿಯರು ಕಾವೇರಮ್ಮನವರ ಸಾವನ್ನು ವಿಧಿ ಅಂದರು. ಒಬ್ಬರು ವಯಸ್ಸು ಅಂದರು. ಗೇಟಿನ ಫ್ಲೆಕ್ಸಿನಲ್ಲಂತೂ 'ಆಕಸ್ಮಿಕವಾಗಿ ಕಾಲು ಜಾರಿ' ಅಂತ ಅಚ್ಚೇ ಆಗಿದೆ. ಆ ಫ್ಲೆಕ್ಸನ್ನು ನೀವೆಲ್ಲ ನೋಡಿಯೇ ಒಳಗೆ ಬಂದಿದ್ದೀರಿ. ಸುತ್ತಲೂ ಸಮಿತಿಯವರ ಮುಖಗಳು, ನಡುವೆ ಕಾವೇರಮ್ಮನ ಮುಖ. ಹೋಗುವಾಗ ಒಂದು ಗಳಿಗೆ ನಿಂತು ಆ ಫೋಟೋ ನೋಡಿ. ಅಮ್ಮನ ಭುಜದ ಮೇಲೆ ಒಂದು ಪುಟ್ಟ ಕೈ ಇದೆ. ಬರೀ ಕೈ. ಮಗುವನ್ನು ಎತ್ತಿಕೊಂಡಿದ್ದಾಗ ತೆಗೆದ ಫೋಟೋ ಅದು — ಮಗುವನ್ನು ಕತ್ತರಿಸಿ ಹಾಕಿದ್ದಾರೆ, ಕೈ ಮಾತ್ರ ಅಮ್ಮನನ್ನು ಬಿಟ್ಟಿಲ್ಲ.

ವಿಧಿಯ ಬಗ್ಗೆ ನನಗೇನೂ ಗೊತ್ತಿಲ್ಲ. ಮೆಟ್ಟಿಲಿನ ಬಗ್ಗೆ ಗೊತ್ತು. ಅದನ್ನು ಹೇಳಿ ಕೂರುತ್ತೇನೆ.

ಹಾರೋಹಳ್ಳಿಯ ಕಾರ್ಖಾನೆಗಳಿಗೆ ಹೋಗುವ ತಾಯಂದಿರು ಇಲ್ಲಿ ಬಹಳ ಮಂದಿ ಇದ್ದೀರಿ. ಮಧ್ಯಾಹ್ನದ ಪಾಳಿಯ ಬಸ್ಸು ರಸ್ತೆಯಲ್ಲಿ ಹಾರನ್ ಹೊಡೆಯುತ್ತಿದ್ದಾಗ, ಮಗುವನ್ನು ಕಾವೇರಮ್ಮನ ಮಡಿಲಿಗೆ ಹಾಕಿ ಸೆರಗು ಸಿಕ್ಕಿಸಿಕೊಂಡು ಓಡುತ್ತಿದ್ದವರು ನೀವು. ಹಿಂದಿನಿಂದ ಅವರು ಕೂಗುತ್ತಿದ್ದರು, ನೆನಪಿದೆಯಾ? — "ಉಂಡ್ಯೇನವ್ವಾ?" ಮಗು ಉಂಡಿತಾ ಅಂತಲ್ಲ. ನೀವು ಉಂಡಿರಾ ಅಂತ. ಹೇಳಿ, ನಮ್ಮ ನಮ್ಮ ಮನೆಗಳಲ್ಲಿ ಆ ಪ್ರಶ್ನೆಯನ್ನು ನಮಗೆ ಯಾರು ಕೇಳುತ್ತಾರೆ?

ಸಿರಿಯನ್ನು ಮೊದಲ ಸಲ ಇಲ್ಲಿ ಬಿಟ್ಟ ದಿನ ನಾನು ಮನೆಗೆ ಹೋಗಲಿಲ್ಲ. ಹೊರಗೆ ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಅಳುತ್ತಾಳಾ, ಉಸಿರಾಡುತ್ತಿದ್ದಾಳಾ, ಬಾಯಿಗೆ ಏನಾದರೂ ಹಾಕಿಕೊಂಡಳಾ — ನನ್ನ ತಲೆ ಇರುವುದೇ ಹಾಗೆ. ಕಾವೇರಮ್ಮ ಒಳಗಿನಿಂದ ಕಿಟಕಿಯ ಹತ್ತಿರ ಬಂದರು. ಹೀಗೆ, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಅಲ್ಲ ಕಣವ್ವ, ಮಗ ಮನಗೈತೆ, ನೀನು ಎದ್ದಿದ್ದೀಯ. ಇದ್ಯಾವ ನ್ಯಾಯ? ಒಳಿಕ್ ಬಾ, ಚಾಪೆ ಐತೆ. ನೀನೂವೆ ಒಸಿ ಮನಿಕ್ಕೊ."

ಬಿ.ಎಸ್ಸಿ. ಓದಿದವಳು ನಾನು, ಮಕ್ಕಳ ಸಾಲಿನ ಕೊನೆಯಲ್ಲಿ ಮುದುಡಿಕೊಂಡು ಮಲಗಿದೆ. ಹೆರಿಗೆಯಾದ ಮೇಲೆ ಯಾವ ಯೋಚನೆಯೂ ಇಲ್ಲದೆ ನಿದ್ದೆ ಹೋದದ್ದು ಅವತ್ತೇ. ಎದ್ದು ನೋಡಿದರೆ ನನ್ನ ಮೇಲೂ ಒಂದು ಸೀರೆ ಹೊದಿಸಿದ್ದರು.

ಹಾಗಂತ ಅವರೇನೂ ಬರೀ ಬೆಣ್ಣೆಯಂಥ ಮನುಷ್ಯರಲ್ಲ. ಚಿಕ್ಕಹನುಮಯ್ಯನವರೇ, ನಗುತ್ತಿದ್ದೀರಾ? ನಗಿ ಪರವಾಗಿಲ್ಲ, ಅವರಿಗೆ ಇಷ್ಟವಾಗುತ್ತಿತ್ತು. ಈ ಅಜ್ಜ ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ಸೀಮೆಸುಣ್ಣದ ಮನೆ ಬರೆದುಕೊಂಡು ಚೌಕಾಬಾರ ಆಡುತ್ತಾರೆ. ಮಕ್ಕಳು ಮಲಗಿದ ಮೇಲೆ ಕಾವೇರಮ್ಮ ಹೋಗಿ ಎದುರಿಗೆ ಕೂರುತ್ತಿದ್ದರು. ಆಮೇಲೆ ಜಗಳ.

"ಏನಜ್ಜೋ, ಕವಡೆ ಮಗುಚಾಕ್ದೆಯಾ? ನಾ ಕಂಡೆ ಕಣೋ!"

"ಏ ಸುಮ್ಕಿರಮ್ಮಿ, ಗಾಳಿಗೆ ಮಗುಚ್ಕತ್ತು."

"ನಿನ್ ಪಕ್ಕದಲ್ ಮಾತ್ರ ಬೀಸ್ತದಾ ಗಾಳಿ?"

ಮಕ್ಕಳು ಒಬ್ಬೊಬ್ಬರೇ ಎದ್ದು ಬಂದು ಅಜ್ಜನ ಕವಡೆ ಕದ್ದು ಓಡುತ್ತಿದ್ದರು. ಇದು ಭವನ. ಸಮುದಾಯ ಅಂದರೆ ಇದು. ಹೊರಗಿನ ಶಿಲಾಫಲಕದಲ್ಲಿ ಕೆತ್ತಿರುವ ಹೆಸರುಗಳಲ್ಲ.

ಈಗ ಮೆಟ್ಟಿಲಿಗೆ ಬರುತ್ತೇನೆ.

ನೀವೆಲ್ಲ ಇವತ್ತು ಮುಂಬಾಗಿಲಿನಿಂದ ಬಂದಿರಿ. ಚೆನ್ನಾಗಿದೆ, ಅಗಲವಾಗಿದೆ. ಭವನದಲ್ಲಿ ಸಮಾರಂಭವಿದ್ದ ದಿನ ಮಕ್ಕಳಿಗೆ ಆ ಬಾಗಿಲಿಲ್ಲ. ಹಿಂದಿನ ಬಾಗಿಲು. ಅಲ್ಲಿ ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬಿ ಇಲ್ಲ. ಕಾವೇರಮ್ಮ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಕೇಳಿದ್ದರು — ನಾನು ಪಕ್ಕದಲ್ಲೇ ಇದ್ದೆ. "ಒಂದು ಕಂಬಿ ಹಾಕ್ಸ್ಕೊಡಿ ಸ್ವಾಮಿ, ಮಕ್ಳ ಎತ್ಕಂಡು ಇಳಿಯಕೆ ಭಯ ಆಯ್ತದೆ." ಸಭೆಯಲ್ಲಿ ಒಬ್ಬರು — ಹೆಸರು ಹೇಳುವುದಿಲ್ಲ, ಅವರಿಗೇ ಗೊತ್ತು — "ಬುಡಮ್ಮೋ, ನಿಂಗೊಂದು ಊರುಗೋಲು ಕೊಡುಸ್ತೀವಿ" ಅಂದರು. ಎಲ್ಲರೂ ನಕ್ಕರು. ಕಾವೇರಮ್ಮನೂ ನಕ್ಕು ಕುಳಿತುಕೊಂಡರು. ಅವರು ನಕ್ಕದ್ದೇ ನನಗೆ ಈಗ ತಡೆಯಲಾಗುತ್ತಿಲ್ಲ.

ಆ ಸಭೆಯಾದ ಮೇಲೆ ಕಂಬಿ ಬಂತು. ಬಂತು! ಇಲ್ಲಿದೆ ನೋಡಿ — ನನ್ನ ಬೆನ್ನ ಹಿಂದೆ, ಈ ವೇದಿಕೆಯ ಸುತ್ತ. ಫಳಫಳ ಹೊಳೆಯುವ ಸ್ಟೀಲಿನ ಕಂಬಿ. ಈ ವೇದಿಕೆ ಎಷ್ಟು ಎತ್ತರವಿದೆ? ನನ್ನ ಮೊಣಕಾಲಿಗೂ ಬರುವುದಿಲ್ಲ. ಇಲ್ಲಿಂದ ಮದುವೆಯ ಗಂಡು ಹೆಣ್ಣು ಬಿದ್ದಾರು ಅಂತ ಕಂಬಿ. ಫೋಟೋದಲ್ಲಿ ಚಂದ ಕಾಣಲಿ ಅಂತ ಕಂಬಿ. ಮಕ್ಕಳನ್ನು ಎತ್ತಿಕೊಂಡು ಇಳಿಯುವ ಮುದುಕಿಗೆ ಊರುಗೋಲಿನ ತಮಾಷೆ.

ಕಾಲು ಜಾರಿತು ಅಂತೀರಲ್ಲ, ಅವತ್ತು ಇಲ್ಲಿ ಬೀಗರೂಟವಿತ್ತು. ಭವನವನ್ನು ಬಾಡಿಗೆಗೆ ಕೊಟ್ಟಿರುವ ವಿಷಯವನ್ನು ನಮಗೆ ಮೊದಲೇ ಯಾರೂ ಹೇಳಿರಲಿಲ್ಲ. ಮಕ್ಕಳು ಉಂಡು ಮಲಗಿದ ಮೇಲೆ ಸಮಿತಿಯಿಂದ ಫೋನು ಬಂತು: ಬೇಗ ಖಾಲಿ ಮಾಡಿ, ನೆಂಟರು ಬರುತ್ತಿದ್ದಾರೆ, ಮೊದಲ ಪಂಕ್ತಿ ಕೂರುತ್ತಿದೆ. ನಾನು ಬೀಗರೂಟಕ್ಕೆ ವಿರೋಧಿಯಲ್ಲ. ಮುದ್ದೆ, ಬೋಟಿ ಗೊಜ್ಜು ಎಲ್ಲ ಉಂಡೇ ಬೆಳೆದವಳು. ಆ ಮದುವೆ ಮನೆಯವರ ಮೇಲೂ ನನಗೆ ಸಿಟ್ಟಿಲ್ಲ. ಒಳಗೆ ಮಕ್ಕಳು ಮಲಗಿವೆ ಅಂತ ಪಾಪ, ಅವರಿಗೂ ಯಾರೂ ಹೇಳಿರಲಿಲ್ಲ. ಅವರ ಅಡುಗೆಯವರು ಹಿತ್ತಲಿನಲ್ಲಿ ಮಾಂಸ ತೊಳೆದಿದ್ದರು, ಪಾತ್ರೆ ತೊಳೆದಿದ್ದರು. ಆ ನೀರು, ಆ ಜಿಡ್ಡು, ಎಲ್ಲ ಮೆಟ್ಟಿಲಿನ ಮೇಲೆ.

ನಿದ್ದೆಗಣ್ಣಿನ ಮಕ್ಕಳನ್ನು ಎಬ್ಬಿಸಿದೆವು. ನಾನು ಕೆಳಗೆ ಹೊಂಗೆ ಮರದ ನೆರಳಲ್ಲಿ ನಿಂತೆ. ಕಾವೇರಮ್ಮ ಒಂದೊಂದೇ ಮಗುವನ್ನು ಕಂಕುಳಲ್ಲಿಟ್ಟು, ಇನ್ನೊಂದು ಕೈಯಿಂದ ಗೋಡೆ ಸವರುತ್ತಾ, ಹೀಗೆ, ಅಡ್ಡಡ್ಡ ಕಾಲಿಡುತ್ತಾ ಇಳಿಸಿ ತಂದರು. ಒಂದು ಮಗುವಿಗೂ ತರಚು ಗಾಯ ಆಗಲಿಲ್ಲ. ಎಲ್ಲರೂ ಬಂದರು. ಅಲ್ಲಿಗೆ ಮುಗಿಯಬೇಕಿತ್ತು.

ಅಷ್ಟರಲ್ಲಿ ಆ ಮಕ್ಕಳಲ್ಲಿ ಒಬ್ಬಳು, ಅಸ್ರಾ, ಅಳಲು ಶುರು ಮಾಡಿದಳು. ಅವಳ ಚಪ್ಪಲಿ ಒಳಗೇ ಉಳಿದಿತ್ತು. ನೆರಳಲ್ಲಿ ಎಲ್ಲರಿಗೂ ಜಾಗ ಸಾಲದು, ಆಚೆ ನೆಲ ಕಾದು ಕೆಂಡವಾಗಿತ್ತು, ಮಗು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡು ನಿಂತಿತ್ತು. "ಬಿಡಿ ಅಮ್ಮ, ನಾನು ಎತ್ಕೋತೀನಿ" ಅಂದೆ. "ನಿನ್ ಕೈಲಿ ಆಗ್ಲೇ ಎಲ್ಡು ಅವೆ, ಎಲ್ಲಿ ಎತ್ಕತೀಯ? ಇರು, ಬಂದ್ಬುಟ್ಟೆ" ಅಂದು ಮತ್ತೆ ಮೆಟ್ಟಿಲು ಹತ್ತಿದರು.

ಬರುವಾಗ ಬಿದ್ದರು.

ನಾವು ಓಡಿ ಹೋಗಿ ಎತ್ತುವಾಗಲೂ ಆ ಪುಟ್ಟ ಚಪ್ಪಲಿ ಕೈಯಲ್ಲೇ ಇತ್ತು. ಬೀಳುವಾಗ ಏನನ್ನಾದರೂ ಹಿಡಿದುಕೊಳ್ಳಬೇಕಿತ್ತು ಅಂತ ಆಸ್ಪತ್ರೆಯಲ್ಲಿ ಒಬ್ಬರು ಹೇಳಿದರು. ಏನನ್ನು ಹಿಡಿದುಕೊಳ್ಳಬೇಕಿತ್ತು ಸ್ವಾಮಿ? ಏನಿತ್ತು ಅಲ್ಲಿ?

ಅನಂತರಾಜು ಅವರೇ, ಅವತ್ತು ನಿಮ್ಮ ಕಾರಿನಲ್ಲೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಿರಿ. ಊಟದ ಎಲೆ ಬಿಟ್ಟು ಎದ್ದು ಬಂದಿರಿ. ಸೀಟಿಗೆಲ್ಲ ರಕ್ತವಾದರೂ ಒಂದು ಮಾತಾಡಲಿಲ್ಲ. ಅದನ್ನು ನಾನು ಮರೆತಿಲ್ಲ, ಇಲ್ಲಿ ಯಾರೂ ಮರೆಯುವುದೂ ಬೇಡ. ಆದರೆ ಅವರು ತೀರಿಕೊಂಡ ಮೇಲೆ ಇನ್ನೂ ಮನೆಯಲ್ಲಿ ಸೂತಕ ಕಳೆದಿರಲಿಲ್ಲ, ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ನಿಮ್ಮ ಸಂದೇಶ ಬಂತಲ್ಲ — ಯೋಗ್ಯ ವ್ಯಕ್ತಿ ಸಿಗುವವರೆಗೆ ಮಕ್ಕಳ ಕೊಠಡಿಯನ್ನು ಮುಚ್ಚಲಾಗಿದೆ, ಅಲ್ಲಿಯವರೆಗೆ ಅಡುಗೆ ಸಾಮಾನು ಇಡಲು ಬಳಸಲಾಗುವುದು — ಅದಕ್ಕೆ ಏನು ಹೇಳಲಿ? ಇವತ್ತು ನೀವೇ ಇದೇ ಮೈಕಿನಲ್ಲಿ 'ತುಂಬಲಾರದ ನಷ್ಟ' ಅಂದಿರಿ. ತುಂಬಲಾರದ್ದು ಅಂತ ಗೊತ್ತಿದ್ದೂ ಆ ಜಾಗಕ್ಕೆ ಕೊಪ್ಪರಿಗೆ ತುಂಬಿಸಿದ್ದೀರಲ್ಲ! ಈಗ ಹೋಗಿ ನೋಡಿ, ಮಕ್ಕಳು ಮಲಗುತ್ತಿದ್ದ ಕಡೆ ಕೊಪ್ಪರಿಗೆಗಳು ಬೋರಲು ಮಲಗಿವೆ.

ಇನ್ನೊಂದು ಮಾತು ಘೋಷಣೆಯಾಯಿತು: ಈ ಸಭಾಂಗಣಕ್ಕೆ ಕಾವೇರಮ್ಮನವರ ಹೆಸರು ಇಡುತ್ತಾರಂತೆ. ಚಪ್ಪಾಳೆ ತಟ್ಟಿದಿರಿ. ನಾನು ತಟ್ಟಲಿಲ್ಲ. ವರಲಕ್ಷ್ಮಿಯಕ್ಕನೂ ತಟ್ಟಲಿಲ್ಲ, ಗಮನಿಸಿದಿರಾ? ಬಾಗಿಲ ಮೇಲೆ ಅವರ ಹೆಸರು, ಒಳಗೆ ಅವರ ಮಕ್ಕಳಿಗೆ ಬೀಗ — ಇಂಥ ಗೌರವ ಅವರಿಗೆ ಬೇಡ.

ಮಕ್ಕಳ ಕೊಠಡಿ ಮುಚ್ಚಿದ ಮೇಲೆ ಏನಾಗಿದೆ ಗೊತ್ತಾ? ಅಸ್ರಾಳ ತಾಯಿ ಆಯಿಷಾ ಪಾಳಿಗೆ ಹೋಗುವುದನ್ನು ನಿಲ್ಲಿಸಿದ್ದಾಳೆ. ಅಗೋ, ಅಲ್ಲಿ ಬಾಗಿಲ ಬಳಿ ನಿಂತಿದ್ದಾಳೆ. "ನನ್ ಮಗೀನ್ ಚಪ್ಲಿಯಿಂದ ಹೋಯ್ತು ಆ ಜೀವ" ಅಂತ ಎಲ್ಲರಿಗೂ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದಾಳೆ. ಆಯಿಷಾ, ಇಲ್ಲಿ ನೋಡು. ನಿನ್ನ ಮಗುವಿನ ಚಪ್ಪಲಿಯಿಂದ ಯಾರೂ ಸಾಯಲಿಲ್ಲ. ಇದನ್ನು ಇಷ್ಟು ಜನರ ಮುಂದೆ, ಮೈಕಿನಲ್ಲಿ ಹೇಳುವುದಕ್ಕೇ ನಾನು ಇವತ್ತು ಎದ್ದು ನಿಂತದ್ದು. ತಲೆ ಎತ್ತು.

ಯೋಗ್ಯ ವ್ಯಕ್ತಿಯನ್ನು ನೀವು ಹುಡುಕಬೇಡಿ, ಅಧ್ಯಕ್ಷರೇ. ನಾಳೆ ಮಧ್ಯಾಹ್ನ ರಹೀಮಾ ಆಪಾ ಇರುತ್ತಾರೆ, ನಾನಿರುತ್ತೇನೆ. ನನಗೆ ಭಯ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಬೇರೆಯವರ ಮಕ್ಕಳು ಅಂದರೆ ಇನ್ನೂ ಹೆಚ್ಚು ಭಯ. ಆದರೂ ಇರುತ್ತೇನೆ. ಕೊಪ್ಪರಿಗೆಗಳನ್ನು ನಾವೇ ಎತ್ತಿ ಹೊರಗಿಡುತ್ತೇವೆ. ಮಕ್ಕಳು ಬರುತ್ತಾರೆ, ಮುಂಬಾಗಿಲಿನಿಂದ ಬರುತ್ತಾರೆ. ಹಿಂದೆ ಕಂಬಿ ಬರುವವರೆಗೂ ಯಾವ ಮಗುವೂ ಆ ಮೆಟ್ಟಿಲು ತುಳಿಯುವುದಿಲ್ಲ, ಯಾರ ಮನೆಯ ಬೀಗರೂಟವಿದ್ದರೂ ಸರಿ.

ಈಗ ಪದ್ಧತಿಯಂತೆ ಎದ್ದು ಮೌನ ಆಚರಿಸಬೇಕು. ದಯವಿಟ್ಟು ಎಲ್ಲರೂ ಏಳಿ.

ಆದರೆ ಇಲ್ಲಿ ಬೇಡ. ಫ್ಯಾನಿನ ಕೆಳಗೆ, ಹೂವಿನ ಹಾರದ ಮುಂದೆ ಬೇಡ. ನನ್ನ ಜೊತೆ ಬನ್ನಿ, ಹಿಂದಿನ ಬಾಗಿಲಿಗೆ. ಕಾವೇರಮ್ಮ ನಿಂತಿದ್ದ ಮೆಟ್ಟಿಲುಗಳ ಮೇಲೆ ನಿಂತು ಅವರನ್ನು ನೆನೆಯೋಣ. ಚಿಕ್ಕಹನುಮಯ್ಯನವರೇ, ನಿಮಗೆ ಮಂಡಿ ನೋವು, ನೀವು ಬಾಗಿಲಲ್ಲೇ ನಿಲ್ಲಿ. ವರಲಕ್ಷ್ಮಿಯಕ್ಕ, ಆಯಿಷಾಳನ್ನು ನಿಮ್ಮ ಪಕ್ಕ ನಿಲ್ಲಿಸಿಕೊಳ್ಳಿ. ಉಳಿದವರು ನಿಧಾನವಾಗಿ ಬನ್ನಿ, ಯಾರೂ ಅವಸರ ಮಾಡಬೇಡಿ. ಅಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ, ಪಕ್ಕದವರ ಕೈ ಹಿಡಿದುಕೊಳ್ಳಿ.

ಅನಂತರಾಜು ಅವರೇ, ಮೊದಲು ನೀವು ಇಳಿಯಿರಿ. ಇಗೋ — ಸಿರಿಯನ್ನು ನೀವೇ ಎತ್ತಿಕೊಳ್ಳಿ. ಹಾಗಲ್ಲ, ಎಡಗಡೆಗೆ. ಬಲಗೈ ಗೋಡೆಯ ಮೇಲಿರಲಿ.

ಇನ್ನು ಯಾರೂ ಮಾತಾಡುವುದು ಬೇಡ.