ಪುಕೇಕೋ ಟೀಮಿನ ಆಯುಧ ಪೂಜಿ

ಬಾಗಲಾ ಹಾಕಬ್ಯಾಡೋ ತಮ್ಮಾ, ಹಾಕಬ್ಯಾಡ! ಕಾಲು ಒಳಗ ಐತಿ ನಂದು… ಹಾಂ, ಹಂಗ. ಎರಡು ಬಸ್ಸು ಬದಲಿ ಮಾಡಿ, ನ್ಯೂ ಲಿನ್ನಿಂದ ಈ ಮೌಂಟ್ ರಾಸ್ಕಿಲ್ ತನಕ ಟೀಮಿನ ಈ ಹೆಣಭಾರದ ಕಿಟ್ ಚೀಲಾ ಹೊತಗೊಂಡು ಬಂದೀನಿ. ಅರವತ್ತೇಳು ವರ್ಷದಾಂವ! ಮೈಸೂರಿನವರು ಅಂದ್ರ ಬಾಯಿ ತುಂಬ 'ಬನ್ನಿ, ಕೂತ್ಕೊಳ್ಳಿ' ಅಂತಾರ ಅಂತ ಕೇಳಿದ್ದೆ. ನೀ ಒಬ್ಬಾಂವ ಬ್ಯಾರೇನ ಹುಟ್ಟೀ ನೋಡು, ರಾಘು.

ಇರ್ಲಿ ಬಿಡು, ಒಳಗ ಬ್ಯಾಡ. ಇಲ್ಲೇ ಮೆಟ್ಟಲ ಮ್ಯಾಲೆ ಕುಂದರ್ತೀನಿ. ಆರು ಹೊಡದ್ರೂ ಬಿಸಲು ಛಲೋ ಐತಿ. ಬಾ, ನೀನೂ ಕುಂದರು. ಆಫೀಸಿಂದ ಈಗ ಬಂದೀಯೇನು? ಕೊರಳಾಗ ಇನ್ನೂ ಆ ಕಾರ್ಡು ಜೋತಾಡಾಕತ್ತೈತಿ. ತಗದಿಡು, ಎತ್ತಿನ ಗಂಟಿ ಕಂಡಂಗ ಕಾಣ್ತೈತಿ.

ಆಂ, ನಕ್ಕಿ! ನಕ್ಕಿಯೋ ಇಲ್ಲೋ? ಮೀಸ್ಯಾಗ ನಕ್ಕಿ, ನಾ ನೋಡೀನಿ. ಏಳು ತಿಂಗಳಾತು ನಿನ್ನ ಹಲ್ಲು ನೋಡಿ. ಫೋನ್ ಎತ್ತವಲ್ಲಿ, ಪ್ರಾಕ್ಟೀಸಿಗೆ ಬರವಲ್ಲಿ… ಇವತ್ತ ಆಯುಧ ಪೂಜಿ, ನಾಡಿದ್ದು ಶನಿವಾರ ಸೀಸನ್ನಿನ ಮೊದಲನೇ ಮ್ಯಾಚು. ಚೆಂಡು ಎಸೆಯೂ ಪಿಚರ್ ಇಲ್ಲದ ಬೇಸ್‌ಬಾಲ್ ಟೀಮು ಅಂದ್ರ ಇಂಜಿನ್ ಇಲ್ಲದ ಬಸ್ಸೋ ಯಪ್ಪಾ. ಎಷ್ಟು ಹೂವಿನ ಹಾರಾ ಹಾಕಿದ್ರೂ ಡಿಪೋದಿಂದ ಹೊರಗ ಬರೂದಿಲ್ಲ ಅದು.

ಕೇಳು ಇಲ್ಲಿ. ಈ ವರ್ಷ ನಮ್ಮ ಪುಕೇಕೋ ಟೀಮು ಹೆಂಗದ ಅಂತೀ! ಟವಿಟಾ ಐದು ಕಿಲೋ ಇಳಿಸ್ಯಾನ. ನಿನ್ನ ಚೆಂಡು ಹಿಡಿಯೂ ಆ ಕ್ಯಾಚರ್ ಟವಿಟಾನ, ಮತ್ಯಾರು? ಮದಲ ಕುಂತ್ರ ಎಬ್ಬಸಾಕ ಇಬ್ಬರು ಬೇಕಾಗಿತ್ತು, ಈಗ ಒಬ್ಬರು ಸಾಕು. ಟೌರಂಗಾ ಊರಿಂದ ಒಬ್ಬಾಂವ ಹೊಸಬ ಬಂದಾನ. ಕಿವಿಹಣ್ಣಿನ ಪೆಟ್ಟಿಗಿ ಎತ್ತಿ ಎತ್ತಿ ಅವನ ತೋಳು ನನ್ನ ತೊಡಿ ಆಗ್ಯಾವ. ನಿನ್ನೆ ಹೊಡದ ಚೆಂಡು ಎಲ್ಲಿ ಬಿತ್ತು ಗೊತ್ತೈತೇನು? ನಮ್ಮ ರುದ್ರಾಣಿ ಒಣಗಾಕಿದ್ದ ಸೀರಿ ಮ್ಯಾಲೆ! ಮೈದಾನ ದಾಟಿ, ಬೇಲಿ ದಾಟಿ, ನನ್ನ ಮಗಳ ಹಿತ್ತಲದಾಗ! ಆಕಿ ಬೈದಳು, ನಾ ಕುಣದಾಡಿದೆ.

ಯಾಕ ನಗ್ತಿ? ಹೋದ ವರ್ಷಾನೂ ಹಿಂಗ ಅಂದಿದ್ದೆ ಅಂತೇನು? ಅಂದಿದ್ದೆ. ಅದರ ಹಿಂದಿನ ವರ್ಷಾನೂ ಅಂದಿದ್ದೆ. ಆವಾಗ ಹದಿನಾಲ್ಕಕ್ಕ ಹದಿನಾಲ್ಕೂ ಸೋತ್ವಿ, ಖರೇ. ಅದಕ್ಕೇನಾತು? ಬೆಂಗಳೂರು ಐಪಿಎಲ್ ಟೀಮಿಗೆ ಹನ್ನೊಂದು ವರ್ಷ ಬಾಯಿ ಬಡಕೊಂಡಾಂವ ನಾನು. ಆಸೆ ಇಟಗೊಳ್ಳೂದರಾಗ ನನಗ ಸರ್ವಿಸ್ ಭಾಳ ಆಗೇತಿ.

ಮತ್ತ ಹೋದ ವರ್ಷ ನೀ ಬಂದಿ. ನೆನಪೈತಿಲ್ಲೋ? ಕ್ರಿಕೆಟ್ ಕ್ಲಬ್ಬಿನವರು ನಿನ್ನ ಹೊರಗ ಹಾಕಿದ್ರು. ಬೌಲಿಂಗ್ ಮಾಡೂಮುಂದ ಮೊಣಕೈ ಮಡಚತೀ, ಇದು ಎಸೆಯೂದು, ಬೌಲಿಂಗ್ ಅಲ್ಲ ಅಂತ. ಸಪ್ಪ ಮಾರಿ ಮಾಡ್ಕೊಂಡು ನಮ್ಮ ಮೈದಾನದ ಕಟ್ಟಿ ಮ್ಯಾಲೆ ಕುಂತಿದ್ದಿ. ನಾನ ಅಲ್ಲೇನು ಕೈ ಹಿಡದು ಕರಕೊಂಡು ಹೋದಾಂವ? ನಮ್ಮ ಕೋಚ್ ಮುಂದ ನಿಲ್ಲಿಸಿ 'ಡೆಬ್ರಾ, ದಿಸ್ ಬಾಯ್ ಥ್ರೋ, ಓನ್ಲಿ ಥ್ರೋ!' ಅಂದೆ. ಅಲ್ಲಿ ಯಾವ ಕೈಗೆ ಬೈದ್ರೋ ಇಲ್ಲಿ ಅದ ಕೈಗೆ ಚಪ್ಪಾಳಿ. ಪುಕೇಕೋ ಅಂದ್ರ ರಸ್ತೆ ಬದೀಲೆ ಓಡ್ಯಾಡೂ ಹಕ್ಕಿ, ಹಾರೂದು ಅಂದ್ರ ಅದಕ್ಕ ಬ್ಯಾಸರಾ. ಅಂಥಾ ಹೆಸರಿನ ಟೀಮನ್ನ ನೀ ಫೈನಲ್ಲಿಗೆ ಹಾರಿಸಿದಿ.

…ಹೂಂ. ಫೈನಲ್ ಅಂದಕೂಡ್ಲೆ ಮಾರಿ ಆಕಡೆ ತಿರುಗಿಸಿದಿ. ಗೊತ್ತಿತ್ತು ನನಗ.

ಅದ ವಿಷಯಕ್ಕ ಬಂದೀನಿ. ಈ ಕಾಗದ ನೋಡು. ಡೆಬ್ರಾ ಏನ ಹೇಳ್ಯಾಳ? ನಿನಗ ಮೂರು ಸಲ ಬರದಾಳಂತ. ಫೈನಲ್ಲಿನಾಗ ಸಿಕ್ಕ ಆ ಬಿಳೀ ಪುಡಿ ಚೆಂಡಿಗೆ ಹೆಂಗ ಬಂತು ಅಂತ ಬರದು ಕೊಟ್ಟರ ಲೀಗಿನವರು ನಿನ್ನ ಆಡಾಕ ಬಿಡ್ತಾರ. ಕೊಡಲಿಲ್ಲಂದ್ರ ಈ ಸೀಸನ್ ಪೂರ್ತಿ ಹೊರಗ. ಇವತ್ತ ಕಡೀ ದಿನಾ. ನೀ ಒಂದಕ್ಷರ ಬರೀಲಿಲ್ಲ. ಅದಕ್ಕ ನಾನ ಬರಸಿಕೊಂಡು ಬಂದೀನಿ. ಸಹಿ ಒಂದು ಬಾಕಿ. ತಗೋ, ಪೆನ್ನೂ ತಂದೀನಿ.

ಓದಲೇನು? 'ನಾನು ಚೆಂಡಿಗೆ ಏನನ್ನೂ ಹಚ್ಚಿಲ್ಲ. ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಪುಡಿ ಗಾಳಿಗೆ ಹಾರಿ ಬಂದು ಚೆಂಡಿನ ಮೇಲೆ ಕೂತಿರಬೇಕು.' ಇಷ್ಟ. ಇಂಗ್ಲೀಷಿನಾಗ ಭಾಳ ಛಂದ ಬಂದೈತಿ, ನನ್ನ ಮಮ್ಮಗಳು ನಿಶಾ ಟೈಪ್ ಮಾಡ್ಯಾಳ. ಟೈಪ್ ಮಾಡೂಮುಂದ 'ಅಜ್ಜಾ, ಈಸ್ ದಿಸ್ ಟ್ರೂ?' ಅಂದಳು. ಸುಮ್ನ ಟೈಪ್ ಮಾಡವ್ವಾ ಅಂದೆ. ಈಗಿನ ಹುಡುಗರಿಗೆ ಎಲ್ಲಾ ಪ್ರಶ್ನಿ.

ಹೂಂ, ಸಹಿ ಮಾಡು… ಯಾಕ? ಮತ್ಯಾಕ ನಗಾಕತ್ತಿ? ಸುಣ್ಣ ಹಾರಿದ್ದು ಸುಳ್ಳ ಅನಸ್ತೈತೇನು? ಅಲ್ಲೋ, ನೀ ಎಸದ ಚೆಂಡು ಟವಿಟಾನ ಗ್ಲೌಸಿನಾಗ ಧಪ್ ಅಂತ ಬಿತ್ತು, ಬಿದ್ದಕೂಡ್ಲೆ ಬೆಳ್ಳಗ ಹೊಗಿ ಎದ್ದಂಗ ಎದ್ದಿತು. ನಾ ನೋಡೀನಿ. ಕಡೀ ಇನಿಂಗ್ಸು, ನಾವು ಒಂದು ರನ್ ಮುಂದ, ಇನ್ನೊಬ್ಬಾಂವ ಔಟಾದ್ರ ಕಪ್ಪು ನಮ್ದು! ಆವಾಗ ಆ ಅಂಪೈರ್ ಓಡಿ ಬಂದು, ಚೆಂಡು ಮೂಸಿ ನೋಡಿ, ಬೆರಳಿಗೆ ತಿಕ್ಕಿ ನೋಡಿ, ನಿನ್ನ ಹೊರಗ ಹಾಕಿದ. ಕೈಗೆ ಪುಡಿ ಹಚ್ಚಿಕೊಂಡ್ರ ನಡೀತೈತಂತ, ಚೆಂಡಿಗೆ ಹಚ್ಚಿದ್ರ ಮೋಸಂತ. ಎಂಥಾ ಕಾಯ್ದೆ! ನಿನ್ನ ಬದಲಿ ಆ ಕಾಲಿನ್ ಅನ್ನಾಂವನ್ನ, ಎದುರಿನವರ ಚೆಂಡು ಕೊಟ್ಟು, ಎಸಿಯಾಕ ನಿಲ್ಲಿಸಿದ್ರು. ಐವತ್ತೆರಡು ವಯಸ್ಸು, ಭುಜ ಎತ್ತಿದ್ರ ಕಟಕಟ ಅಂತೈತಿ. ಅವನ ಮೊದಲನೇ ಚೆಂಡಿಗೆ ಅವರು ಎಲ್ಲಿಗೆ ಹೊಡದ್ರು? ಮೈದಾನದ ಬಾಜೂಕಿನ ಹಳ್ಳದ ಆಚೆ, ಒಂದ ಹೊಡತಕ್ಕ ಎರಡು ರನ್! ಮುಗೀತು ನಮ್ಮ ಕಪ್ಪು.

ಆ ಕಡೆಯವರು ನಿನಗ 'ಚೀಟ್, ಚೀಟ್' ಅಂತ ಒದರಿದ್ರು, ರಾಘು. ನೀ ತಲಿ ಬಗ್ಗಿಸಿ ಹೊಂಟುಬಿಟ್ಟಿ.

ಅದಕ್ಕ ಹೇಳಾಕತ್ತೀನಿ, ಸುಣ್ಣ ಅಂತ ಬರದು ಕೈ ತೊಳಕೊ. ಅವತ್ತ ಗಾಳಿ ಇತ್ತೋ ಇಲ್ಲೋ? ಇತ್ತು. ಅಂಥಾ ಗಾಳ್ಯಾಗ ಸುಣ್ಣ ಹಾರಿ, ಚೆಂಡಿನ ಮ್ಯಾಲೆ ಮೂರು ಗೆರಿ ಆಗಿ ಕುಂತ್ರ ಅದರಾಗ ನಿನ್ನ ತಪ್ಪೇನು? ಒಂದಕ್ಕಲ್ಲ, ಹನ್ನೆರಡೂ ಚೆಂಡಿಗೆ ಕುಂತಿತ್ತು…

…

ಯಾಕ ನಗು ನಿಲ್ಲಿಸಿದಿ?

ಹನ್ನೆರಡು ಅಂದ್ನೇನು? ಅಂದಾಜಿಲೆ ಅಂದೆ. ಡಬ್ಬಿ ಅಂದ್ರ ಹನ್ನೆರಡ ಅಲ್ಲೇನು ಇರೂದು? ಹಳೇ ಚೆಂಡೆಲ್ಲಾ ಹಳ್ಳ ಸೇರಿದ್ವು, ಕಡೀ ಇನಿಂಗ್ಸಿಗೆ ಹೊಸಾ ಡಬ್ಬಿ ಒಡದ್ರು, ಆ ಲೆಕ್ಕ… ಮೂರು ಗೆರಿ ಅಂದ್ನೇನು? ಮೂರೋ ನಾಕೋ, ಗಾಳಿಗೇನು ಎಣಿಕಿ ಬರ್ತೈತೇನು? ಹಂಗ ನೋಡಬ್ಯಾಡ. ಕುಂಬಳಕಾಯಿ ಕಳ್ಳ ಅಂದ್ರ ನಾ ಯಾಕ ಹೆಗಲು ಮುಟ್ಟಿ ನೋಡ್ಕೊಳ್ಳಲಿ? ನೋಡ್ಕೊಂಡಿಲ್ಲ ನಾನು. ಭುಜ ತುರಸ್ತಿತ್ತು.

ಏನರ ಅನ್ನೋ! ಬೈಯಾರ ಬೈ! ಅಂಕಲ್ ಅಂತ ಒಂದ ಮಾತು… ಏ, ಈ ಮೌನ ಮಾಡಬ್ಯಾಡೋ. ಡಿಪೋದಾಗ ಮ್ಯಾನೇಜರ್ ಬೈದ್ರ ನಿದ್ದಿ ಬರ್ತಿತ್ತು ನನಗ. ಸುಮ್ನ ನೋಡಿದ್ರ ಮುಗೀತು, ಜ್ವರಾ ಬರ್ತಿತ್ತು.

…ಆತು. ಆತಪ್ಪಾ ಆತು. ನಾನ ಹಚ್ಚಿದೆ.

ಇಭೂತಿ. ನಮ್ಮ ದೇವರ ಜಗಲಿ ಮ್ಯಾಲಿಂದು. ಫೈನಲ್ಲಿನ ಹಿಂದಿನ ದಿನಾ ಡೆಬ್ರಾ ಹೊಸಾ ಡಬ್ಬಿ ತಂದು ನನ್ನ ಗ್ಯಾರೇಜಿನಾಗ ಇಟ್ಟು ಹೋದಳು. ಹೊಸಾದು, ರಾಘು! ಪೂಜಿ ಇಲ್ಲದ ಹೆಂಗ ಹೊರಗ ಕಳಸೂದು? ಗದಗ ಡಿಪೋದಾಗ ಮೂವತ್ತೊಂದು ವರ್ಷ ಮೆಕ್ಯಾನಿಕ್ ಇದ್ದೆ. ಒಂದು ಹೊಸಾ ಟಾಯರ್ ಬಂದ್ರೂ ಅದಕ್ಕ ಕುಂಕುಮಾ, ಅದಕ್ಕೊಂದು ನಿಂಬಿಹಣ್ಣು. ಒಂದ ವರ್ಷ ನನಗ ಜ್ವರಾ ಬಂತು, ಒಂದು ಬಸ್ಸು ಪೂಜಿ ತಪ್ಪಿಸಿಕೊಂಡು ಹೋತು. ಅಣ್ಣಿಗೇರಿ ಹತ್ರ ಎಮ್ಮಿ ಅಡ್ಡ ಬಂದು ಗಟಾರಕ್ಕ ಇಳೀತು! ಎಮ್ಮಿಗೂ ಏನಾಗಲಿಲ್ಲ, ಮಂದೀಗೂ ಏನಾಗಲಿಲ್ಲ, ಅಂದ್ರೂ ಅವತ್ತಿಂದ ನಾ ಪೂಜಿ ತಪ್ಪಿಸಿಲ್ಲ. ಹೋದ ದಸರಾಕ್ಕ ನಿಮ್ಮ ಬ್ಯಾಟು, ಗ್ಲೌಸು ಎಲ್ಲಾಕ್ಕೂ ಮಾಡಿದ್ದೆ. ಗೆದ್ವೋ ಇಲ್ಲೋ? ಗೆದ್ವಿ! ಅದಕ್ಕ ಚೆಂಡಿಗೂ ಮಾಡಿದೆ. ಕುಂಕುಮಾ ಹಚ್ಚಿದ್ರ ಎದ್ದು ಕಾಣ್ತೈತಿ, ಬಿಳೀ ಚೆಂಡಿಗೆ ಬಿಳೀ ಇಭೂತಿ ಯಾರಿಗೆ ಕಾಣ್ತೈತಿ ಅಂತ ನನ್ನ ಶಾಣ್ಯಾತನ!

ನಿನ್ನ ಹೊರಗ ಹಾಕಿದ ಮ್ಯಾಲೆ ಯಾಕ ಹೇಳಲಿಲ್ಲ ಅಂತೀಯೇನು… ಹೇಳಬೇಕಂತ ಎದ್ದೆ. ಖರೇ ಎದ್ದೆ. ಮುಂದ ಹೋಗಲಿಲ್ಲ. ಡೆಬ್ರಾ ನನ್ನ ಕೈಯಿಂದ ಟೀಮಿನ ಸಾಮಾನು ಇಡೂ ಕಿಟ್ಟಿನ ಕೀಲಿ ಕಸಗೋತಾಳ ಅಂತ ಅಂಜಿಕಿ ಬಂತು. ನಗಬ್ಯಾಡ… ನಗವಲ್ಲಿ ಬಿಡು. ನೋಡು, ಅಳಿಯ ಶಿವರಾಜ್ ಮುಂಜಾನೆ ಹೋದ್ರ ಸಂಜಿಗೆ ಬರ್ತಾನ, ರುದ್ರಾಣಿಗೆ ಆಸ್ಪತ್ರಿ ಡ್ಯೂಟಿ, ನಿಶಾ ನಾ ಕನ್ನಡದಾಗ ಕೇಳಿದ್ದಕ್ಕ ಇಂಗ್ಲೀಷಿನಾಗ ಉತ್ತರ ಕೊಟ್ಟು ಬಾಗಲಾ ಹಾಕ್ಕೋತಾಳ. ಡೆಬ್ರಾನ ಹುಲ್ಲು ಕತ್ತರಿಸೂ ಮಶೀನು ಕೆಟ್ಟಿತ್ತು, ರಿಪೇರಿ ಮಾಡಿ ಕೊಟ್ಟೆ. ಅವತ್ತ ಆಕಿ ಆ ಕೀಲಿ ಕೊಟ್ಟಳು. ಶನಿವಾರ ನಾ ಹೋಗಿ ತಗದ್ರನ ಮ್ಯಾಚು ಶುರು! ಹದಿನೆಂಟು ಮಂದಿ 'ನಾಗಾ, ನಾಗಾ' ಅಂತ ಕರೀತಾರ. ಈ ದೇಶದಾಗ ನನ್ನ ಹೆಸರು ಹಿಡದು ಕರೆಯೂ ಮಂದಿ ಅವರ ಅಷ್ಟ, ರಾಘು.

ಮನಿಗೆ ಹೋಗಿ ಉಳದ ಚೆಂಡು ಎಲ್ಲಾ ಒರಸಿಬಿಟ್ಟೆ. ಅಂಪೈರ್ ಒಂದು ಒಯ್ದಿದ್ದ, ಹನ್ನೊಂದು ಇರಬೇಕು, ಹತ್ತು ಇದ್ವು. ಇನ್ನೊಂದು ಹಳ್ಳಕ್ಕ ಬಿದ್ದಿರಬೇಕು, ಗಂಗಿ ಪಾಲಾತು, ಛಲೋ ಆತು ಅಂತ ಸುಮ್ಮನಾದೆ.

ಎಲ್ಲಿ ಹೊಂಟಿ? ಏ ರಾಘು! ಎದ್ದು ಹೋಗಬ್ಯಾಡೋ, ಸಿಟ್ಟಿದ್ರ ಇಲ್ಲೇ ತೀರಿಸು!… ಚಾ ಮಾಡಾಕ ಹೋದ್ಯೇನು? ನನಗ ಸಕ್ಕರಿ ಬ್ಯಾಡ! ಸಕ್ಕರಿ ಹಾಕಿದ್ರೂ ನಡೀತೈತಿ, ರುದ್ರಾಣಿಗೆ ಹೇಳಬ್ಯಾಡ ಅಷ್ಟ!… ರಾಘೂ? ನೋಡು, ಸುಣ್ಣದ ಕಾಗದ ಬ್ಯಾಡಂದ್ರ ಬ್ಯಾರೆ ಬರಸೋಣು… ಮೈದಾ ಹಿಟ್ಟು ಅಂತ… ಬಂದ್ಯಾ? ಏನದು ಕೈಯಾಗ? ಕಪ್ಪಿಲ್ಲ, ಬಸಿ ಇಲ್ಲ… ಏನ ಕೊಡಾಕತ್ತಿ…

ಚೆಂಡು.

ಮೂರು ಗೆರಿ… ನನ್ನ ಬೆರಳಿಂದ. ಈ ನಡುವಿನ ಗೆರಿ ಸ್ವಲ್ಪ ಸೊಟ್ಟ ಐತಿ, ನನ್ನ ಬೆರಳಿಗೆ ಸ್ಪ್ಯಾನರ್ ಬಡದ ಗಾಯದ ಗುರ್ತು. ಇದು ನಿನ್ನ ಹತ್ರ… ಅವತ್ತ ಹೊರಗ ಹೋಗೂಮುಂದ ಡಬ್ಬಿಯಿಂದ ತಗೊಂಡ್ಯೇನು? ಅವತ್ತ?

ಅಂದ್ರ ನಿನಗ ಗೊತ್ತಿತ್ತು. ಅಂಪೈರ್ ಕೇಳೂಮುಂದನೂ ಗೊತ್ತಿತ್ತು. ಅವರು ಚೀಟ್ ಅನ್ನೂಮುಂದ, ನಾ ಅಲ್ಲೇ ಹತ್ತು ಹೆಜ್ಜಿ ಮ್ಯಾಲೆ ನಿಂತಿದ್ದೆ. ಬೆರಳು ಮಾಡಿ ತೋರಸಿದ್ರ ಸಾಕಿತ್ತು. ತೋರಸಲಿಲ್ಲ ನೀ. ಡೆಬ್ರಾ ಮೂರು ಸಲ ಬರದ್ರೂ ಬರೀಲಿಲ್ಲ. ಬರದ್ರ ನನ್ನ ಹೆಸರು ಬರೀಬೇಕಿತ್ತು… ನಾ ಏನು ಮಾಡೀನಿ? ನಿನ್ನ ಕೈಲೆ ಸುಳ್ಳಿನ ಕಾಗದಕ್ಕ ಸಹಿ ಹಾಕಸಾಕ ಎರಡು ಬಸ್ಸು ಬದಲಿ ಮಾಡಿ ಬಂದೀನಿ. ಥೂ ನನ್ನ ಜನ್ಮಕ್ಕ!

ಹರದೆ ನೋಡು. ಹರದೆ ಈ ಕಾಗದಾ. ನಿಶಾ ಕೇಳಿದ್ದು ಬರೋಬ್ಬರಿ ಐತಿ.

ಮತ್ತೇನಿದು? ಫೋನ್ ಯಾಕ ಕೊಡಾಕತ್ತಿ? ಯಾರಿಗೆ ಹಚ್ಚೀ?… ಡೆಬ್ರಾಗ?! ಈಗ? ತಡೀ, ತಡೀ, ಊಟಾ ಮಾಡ್ತಿರ್ತಾಳ ಆಕಿ… ಕೀಲಿ ಹೋಗ್ತೈತೋ ರಾಘು… ಹೋಗ್ಲಿ. ಹೋದ್ರ ಹೋಗ್ಲಿ, ಬೇಲಿ ಹೊರಗ ನಿಂತು ಒದರ್ತೀನಿ. ನೀ ಆಡ್ತೀಯೋ ಇಲ್ಲೋ ಅದನ್ನ ಹೇಳು ಮದಲ… ಚೀಲದಾಗ ಏನ ಹುಡಕಾಕತ್ತಿ? ನಿನ್ನ ಗ್ಲೌಸು? ಹೂಂ, ಹಾಕ್ಕೊ, ಅದರಾಗ ಏನೂ ಹಚ್ಚಿಲ್ಲ, ದೇವರಾಣಿ! ಒಂದು ಚೂರು ಎಣ್ಣಿ ಅಷ್ಟ.

ರಿಂಗ್ ಆಗಾಕತ್ತೈತಿ… ಎತ್ತಿದಳು! ಹಲೋ? ಹಲೋ ಡೆಬ್ರಾ! ನಾಗಾ ಸ್ಪೀಕಿಂಗ್. ಯೆಸ್, ರಾಘವ್ ಫೋನ್, ಬಟ್ ನಾಗಾ ಸ್ಪೀಕಿಂಗ್. ಡೆಬ್ರಾ, ಲಾಸ್ಟ್ ಫೈನಲ್… ದ್ಯಾಟ್ ಪೌಡರ್… ನೋ, ನಾಟ್ ರಾಘವ್. ರಾಘವ್ ಗುಡ್ ಬಾಯ್. ನಾಟ್ ವಿಂಡ್ ಆಲ್ಸೋ. ಮೀ, ಡೆಬ್ರಾ. ಆಲ್ ಟ್ವೆಲ್ವ್ ಬಾಲ್. ಮೀ.